ರಿಬ್ಬನ್ನಿನ ಆಚೆ ಜಲಜನಕ

ಸರ್ವೋತ್ತಮ ಚಹಾ ಕುಡಿಯಲು ಹೋದದ್ದೇ ತಪ್ಪಾಯಿತು. ಮರಳಿ ಬರುವಷ್ಟರಲ್ಲಿ ಪ್ರಯೋಗಶಾಲೆಯ ಬಾಗಿಲಿಗೆ ಕೆಂಪು ರಿಬ್ಬನ್ ಅಡ್ಡ ಬಂದಿತ್ತು. ಪಕ್ಕದಲ್ಲಿ ಆಫೀಸ್ ಸೂಪರಿಂಟೆಂಡೆಂಟ್ ಪ್ರೆಸಿಲ್ಲಾ ಮೇಡಂ ಗಡಿ ಕಾಯುವ ಸೈನಿಕರಂತೆ ನಿಂತಿದ್ದರು.

“ಮೇಡಂ, ಸ್ವಲ್ಪ ಬಿಡಿ. ಒಳಗೆ ಯಂತ್ರ ಓಡ್ತಾ ಉಂಟು.”

“ಓಡಲಿ. ಅತಿಥಿಗಳು ಕತ್ತರಿಸುವ ಮೊದಲು ಯಾರೂ ದಾಟಲಿಕ್ಕಿಲ್ಲ.”

“ಅಡಿಯಿಂದ ನುಸುಳ್ತೇನೆ.”

“ಎಂತ ಮಾರಾಯ್ರೆ, ಪೇಪರಿನವರು ಕ್ಯಾಮೆರಾ ಹಿಡಿದು ನಿಂತಿದ್ದಾರೆ. ನಾಳೆ ಆ ಫೋಟೋ ಬಂದ್ರೆ ಚಂದ ಉಂಟಾ?”

ಅದು ೨೦೦೪ರ ಮಾತು. ಪರ್ಕಳದ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ವೋತ್ತಮನದು ತಾತ್ಕಾಲಿಕ ಕೆಲಸ. ತಿಂಗಳ ಕೊನೆಗೆ ಮುಗಿಯುವುದಿತ್ತು. ಯಂತ್ರದ ಬಳಿ ಸದಾ ಒಬ್ಬ ತಜ್ಞ ಬೇಕು, ತನ್ನನ್ನು ಕಾಯಂ ಮಾಡಿ ಎಂದು ಅವನು ಕೇಳಿಕೊಂಡಿದ್ದ. “ಪ್ರದರ್ಶನ ಆಗಲಿ, ನೋಡುವ” ಎಂದಿದ್ದರು ಪ್ರಾಂಶುಪಾಲರು.

ಯಂತ್ರ ಮೆಥನಾಲ್ ಮತ್ತು ನೀರಿನ ಆವಿಯಿಂದ ಜಲಜನಕ ತೆಗೆದು ಇಂಧನಕೋಶಕ್ಕೆ ಉಣಿಸುತ್ತಿತ್ತು. ಕೋಶ ವಿದ್ಯುತ್ ಕೊಟ್ಟು ಒಂದು ಬಲ್ಬು ಉರಿಸುತ್ತಿತ್ತು. ಆದರೆ ಕೋಶದ ನಾಲಗೆ ಮದುವಣಿಗನ ಸೋದರಮಾವನದು: ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಚೂರು ಹೆಚ್ಚಾದರೂ ಊಟ ಬಿಟ್ಟು ಏಳುತ್ತದೆ. ಅದನ್ನು ಸುಟ್ಟು ಕಳೆಯಲು ಅಳತೆಯ ಗಾಳಿ ಬೇಕು. ಶಾಖ, ಆವಿ, ಗಾಳಿ ಮೂರನ್ನೂ ಹದದಲ್ಲಿಡುವ ನಿಯಂತ್ರಕವನ್ನು ಸರ್ವೋತ್ತಮ ಸ್ವತಃ ಬರೆದಿದ್ದ.

ಅಷ್ಟರಲ್ಲಿ ಹೆಜಮಾಡಿಯಿಂದ ಹೊರಟ ಅತಿಥಿಗಳ ಫೋನು ಬಂತು. ಕಾಪುವಿನಲ್ಲಿ ಬಂಗುಡೆ ಲಾರಿ ಮಗುಚಿ ರಸ್ತೆ ಬಂದ್ ಆಗಿತ್ತು. ಜನ ಮೀನು ಹೆಕ್ಕಿ ಮುಗಿಸದೆ ದಾರಿ ಬಿಡುವ ಲಕ್ಷಣವಿರಲಿಲ್ಲ.

ಸರ್ವೋತ್ತಮ ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದ. ಯಂತ್ರದ ಗಾಳಿ ಸೇದುವ ಬಾಯಿಯ ಮೇಲೆ ದಪ್ಪನೆಯ ಸೇವಂತಿಗೆ ಹಾರ!

“ಯಾರು ಹಾಕಿದ್ದು ಅದು?”

“ನಾನೇ ಸರ್, ರಿಬ್ಬನ್ ಕಟ್ಟುವ ಮೊದಲು,” ಎಂದ ದಿನಗೂಲಿ ಅಟೆಂಡರ್ ಕಿಟ್ಟ. “ಎಲ್ಲಿ ಹಾಕುವುದು ಅಂತ ನೋಡಿದೆ. ಅದೊಂದೇ ಮುಖದ ಹಾಗೆ ಕಂಡಿತು.”

“ಮೂಗು ಮುಚ್ಚಿದ್ದೀಯಲ್ಲ ಮಾರಾಯ! ಮೇಡಂ, ದಮ್ಮಯ್ಯ…”

“ರಿಬ್ಬನ್!” ಎಂದರು ಪ್ರೆಸಿಲ್ಲಾ.

ಬಲ್ಬು ಮಂಕಾಯಿತು. ಸರ್ವೋತ್ತಮನ ಮುಖ ಅದಕ್ಕಿಂತ ಮಂಕಾಯಿತು. ಆಗ ಒಳಗೆ ಬ್ಲೋವರಿನ ಸದ್ದು ಏರಿತು. ಗಾಳಿ ಸಾಲದೆಂದು ನಿಯಂತ್ರಕಕ್ಕೆ ತಿಳಿದಿತ್ತು! ಮೆಥನಾಲಿನ ಪಂಪು ತಾನಾಗಿ ನಿಧಾನವಾಯಿತು. ಮಾನಾಕ್ಸೈಡ್ ಅಳೆಯುವ ಮಾಪಕದಲ್ಲಿ ಏರುತ್ತಿದ್ದ ಮುಳ್ಳು ನಡುಗಿತು, ನಿಂತಿತು, ಹಿಂದಕ್ಕೆ ಬಂತು. ಬಲ್ಬು ಮತ್ತೆ ಬೆಳಗಿತು. ಸರ್ವೋತ್ತಮನ ಕಣ್ಣು ತುಂಬಿತು. ಮೊದಲ ಹೆಜ್ಜೆಯಿಟ್ಟ ಮಗುವನ್ನು ನೋಡಿದಂತಾಯಿತು ಅವನಿಗೆ.

ಅತಿಥಿಗಳು ಮಧ್ಯಾಹ್ನ ಬಂದರು. ರಿಬ್ಬನ್ ಕತ್ತರಿಸಿದರು. ಬಲ್ಬು ಉರಿಯುತ್ತಲೇ ಇತ್ತು.

“ಇಷ್ಟು ಹೊತ್ತು ಒಳಗೆ ಯಾರಿದ್ದರು?” ಎಂದು ಪ್ರಾಂಶುಪಾಲರು ಕೇಳಿದರು.

“ಒಂದು ನೊಣ ಸಹ ಹೋಗಲಿಲ್ಲ ಸರ್, ನಾನು ಬಿಟ್ಟರಲ್ಲವಾ!” ಎಂದರು ಪ್ರೆಸಿಲ್ಲಾ.

“ಹಾಗಾದರೆ ಸದಾ ಒಬ್ಬ ತಜ್ಞ ಬೇಕು ಅಂದಿದ್ದೀರಲ್ಲ, ಸರ್ವೋತ್ತಮ?”

‘ಇವತ್ತು ಅದೃಷ್ಟ ಸರ್’ ಎಂದಿದ್ದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು. ಮಾತು ತುಟಿಯವರೆಗೂ ಬಂತು. ಅಷ್ಟರಲ್ಲಿ ಅತಿಥಿಗಳು, “ಎಲ್ಲ ಅದೃಷ್ಟವೋ ಏನೋ” ಎಂದುಬಿಟ್ಟರು.

“ಅದೃಷ್ಟವಾ?” ಸರ್ವೋತ್ತಮ ಕೆರಳಿದ. “ಮೂಗು ಮುಚ್ಚಿದರೂ ಅದು ಉಸಿರಾಡ್ತದೆ ಸರ್! ಅದಕ್ಕೆ ಯಾರೂ ಬೇಡ. ನಾನೂ ಬೇಡ!”

ಚಪ್ಪಾಳೆ ಬಿತ್ತು. ಪ್ರಾಂಶುಪಾಲರು ಅವನ ಕೈ ಕುಲುಕಿದರು. ಮಂಜೂರಾಗಿದ್ದ ಒಂದು ಕಾಯಂ ಹುದ್ದೆಯನ್ನು ಅಲ್ಲೇ ಘೋಷಿಸಿದರು: ದಿನಾ ಮೆಥನಾಲ್ ತುಂಬಿಸಲು ಕಿಟ್ಟ.

ಕಿಟ್ಟ ಓಡಿಬಂದು ಸರ್ವೋತ್ತಮನ ಕಾಲು ಮುಟ್ಟಿದ. “ಎಂಥಾ ಯಂತ್ರ ಮಾಡಿದ್ರಿ ಸರ್! ನನ್ನಂಥವನ ಕೈಯಲ್ಲೂ ನಡೆಯುವಷ್ಟು ಒಳ್ಳೆಯದು!”

ಕೆಲಸ ಕಳೆದುಕೊಂಡ ಸರ್ವೋತ್ತಮ ಅವನನ್ನು ಎಬ್ಬಿಸಿ ಬೆನ್ನು ತಟ್ಟಿದ. ಅಲ್ಲಿಯವರೆಗೆ ಯಂತ್ರಕ್ಕೆ ಅಂಥ ಹೊಗಳಿಕೆ ಬೇರೆ ಯಾರಿಂದಲೂ ಸಿಕ್ಕಿರಲಿಲ್ಲ.