ಸೂಲಗಿತ್ತಿಯ ಕಚೀಲಾ ಎಲ್ಲಿದ್ದರೂ ತಿಳಿಸಿ

ತ್ಯಾಗಮಯಿ ತಾಯಿ ಸಿಗುವುದು ಮಗನ ಭಾಗ್ಯ. ಆ ತ್ಯಾಗದ ಕಥೆಯನ್ನು ಮೂವತ್ತೈದು ವರ್ಷ ಕೇಳುವುದು ಸೊಸೆಯ ಕರ್ಮ.

ದೊಲೊರೆಸ್ ಊರಿನ ನಿವೃತ್ತ ಕೋರ್ಟು ಗುಮಾಸ್ತ ಎಲ್ಬಿಯೊ ಪೆರ್ದೋಮೊ ಈ ಕಥೆಯನ್ನು ಹೇಳದ ಭಾನುವಾರವಿರಲಿಲ್ಲ. ಕೆಂಡದ ಮೇಲೆ ಮಾಂಸ ಬೇಯುತ್ತಿರಬೇಕು, ನಾಲ್ಕು ಜನ ಸೇರಿರಬೇಕು, ಎರಡನೆಯ ಲೋಟ ವೈನ್ ಇಳಿದಿರಬೇಕು. ಆಗ ಅವನ ಕಣ್ಣು ತಾನಾಗಿ ತುಂಬುತ್ತಿತ್ತು. ಅವನ ತಾಯಿ ಡೋನ್ಯಾ ಎರ್ಸಿಲಿಯಾ ಸೂಲಗಿತ್ತಿ. ಹಸಿರು ಬಣ್ಣದ ಹಳೆಯ ಆಸ್ಟಿನ್ ಕಾರಿನಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೋಗಿ ಹೆರಿಗೆ ಮಾಡಿಸುತ್ತಿದ್ದವಳು. ಮಗ ಹದಿನೆಂಟನೆಯ ವಯಸ್ಸಿನಲ್ಲಿ ಕಾನೂನು ಓದಲು ರಾಜಧಾನಿ ಮೊಂತೆವಿದೆಯೊಗೆ ಹೊರಟ ವಾರವೇ ಆ ಕಾರು ಮನೆಯಿಂದ ಮಾಯವಾಯಿತು. ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ ತಾಯಿ, ಹೋಗಬೇಕಾದಲ್ಲಿಗೆ ಹೋಯಿತು ಎಂದಳೇ ಹೊರತು ಮತ್ತೊಂದು ಮಾತು ಆಡಲಿಲ್ಲ. ಉಳಿದದ್ದನ್ನು ಎಲ್ಬಿಯೊ ತಾನೇ ತುಂಬಿಕೊಂಡ: ತಾಯಿ ತನ್ನ ಓದಿಗಾಗಿ ಪ್ರಾಣದಂಥ ಕಾರನ್ನು ಮಾರಿದಳು. (ಆ ಓದು ಎರಡನೆಯ ವರ್ಷಕ್ಕೇ ನಿಂತುಹೋಯಿತು ಎಂಬ ಅಧ್ಯಾಯವನ್ನು ಅವನು ಹೇಳುತ್ತಿರಲಿಲ್ಲ, ಅದನ್ನು ಹೆಂಡತಿ ನಿಬಿಯಾ ಹೇಳುತ್ತಿದ್ದಳು.)

ಅರವತ್ತೆರಡು ತುಂಬಿದ ದಿನ ಅವನಿಗೆ ಜ್ಞಾನೋದಯವಾಯಿತು. ಆ ಕಾರನ್ನು ಹುಡುಕಬೇಕು. ತಾನೇ ಓಡಿಸಿಕೊಂಡು ಅಮ್ಮನ ಸಮಾಧಿಯವರೆಗೆ ಹೋಗಬೇಕು. ಅಮ್ಮಾ, ನಿನ್ನ ಋಣ ತೀರಿತು ಎನ್ನಬೇಕು. ಅಷ್ಟಾಗದಿದ್ದರೆ ತನಗೆ ನೆಮ್ಮದಿಯ ಸಾವೂ ಇಲ್ಲ ಎಂದು ಘೋಷಿಸಿದ.

"ಸಮಾಧಿ ಎರಡು ಬೀದಿ ಆಚೆ ಇದೆ," ಎಂದಳು ನಿಬಿಯಾ. "ನಡ್ಕೊಂಡು ಹೋಗಿ ಹೇಳಿದ್ರೆ ಅತ್ತೆ ಬೇಡ ಅಂತಾರಾ?"

ಎಲ್ಬಿಯೊ ಕೇಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಊರಿನ ರೇಡಿಯೋದಲ್ಲಿ ಹಳ್ಳಿಯವರಿಗಾಗಿ ಸಂದೇಶಗಳನ್ನು ಓದುವ ಪದ್ಧತಿಯುಂಟು. ಯಾರು ಯಾವ ಬಸ್ಸಿಗೆ ಬರುತ್ತಾರೆ, ಯಾರ ತಂದೆಯ ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು, ಯಾರ ಕುದುರೆ ಬೇಲಿ ಹಾರಿತು, ಎಲ್ಲವೂ ಅದರಲ್ಲೇ ತಿಳಿಯಬೇಕು. ಎಲ್ಬಿಯೊ ಮೂರು ಪುಟ ಬರೆದುಕೊಂಡು ಹೋದ. ರೇಡಿಯೋದ ಹೆಂಗಸು ಮೂರು ಪುಟವನ್ನು ನಾಲ್ಕು ಸಾಲಿಗೆ ಇಳಿಸಬೇಕೆಂದಳು. ಇಂಥ ಹೊತ್ತಿನಲ್ಲಿ ಮನುಷ್ಯ ಏನನ್ನು ಹೊಡೆದುಹಾಕುತ್ತಾನೆ ಎಂಬುದರ ಮೇಲೆ ಅವನ ಬುದ್ಧಿ ತಿಳಿಯುತ್ತದೆ. ಎಲ್ಬಿಯೊ ಕಾರಿನ ಹೆಸರು, ವರ್ಷ, ಬಣ್ಣ, ನಂಬರುಗಳನ್ನು ಹೊಡೆದುಹಾಕಿ ಸಾಹಿತ್ಯವನ್ನು ಉಳಿಸಿಕೊಂಡ. ಮರುದಿನ ಇಡೀ ಸೊರಿಯಾನೊ ಪ್ರಾಂತ್ಯ ಸಾರು ಕಲಸುತ್ತ ಕೇಳಿದ್ದು ಇಷ್ಟು:

"ದಿವಂಗತ ಸೂಲಗಿತ್ತಿ ಡೋನ್ಯಾ ಎರ್ಸಿಲಿಯಾ ಅವರ ಸೇವೆಯಲ್ಲಿ ಬಹುಕಾಲ ದುಡಿದ ಕಚೀಲಾ ಎಲ್ಲಿದ್ದರೂ ತಿಳಿಸಿ. ಮುಪ್ಪಾಗಿರಬಹುದು. ಹೊಗೆ ಬಿಡುವ, ವಿಪರೀತ ಕುಡಿಯುವ ಅಭ್ಯಾಸವಿರಬಹುದು. ಯಾವ ಸ್ಥಿತಿಯಲ್ಲಿದ್ದರೂ ಮನೆ ತುಂಬಿಸಿಕೊಳ್ಳಲಾಗುವುದು. ಕಾತರದಿಂದ, ಮಗ ಎಲ್ಬಿಯೊ."

ಆ ನಾಡಿನಲ್ಲಿ ಹಳೆಯ ಕಾರಿಗೆ ಕಚೀಲಾ ಎನ್ನುತ್ತಾರೆ. ಹೊಲದಲ್ಲಿ ತುರುತುರು ಓಡಾಡುವ ಒಂದು ಕಂದು ಹಕ್ಕಿಗೂ ಕಚೀಲಾ ಎನ್ನುತ್ತಾರೆ. ಆ ಹಕ್ಕಿಯಂತೆ ಓಡಾಡುವ ಹೆಂಗಸರಿಗೂ ಪ್ರೀತಿಯಿಂದ ಹಾಗೇ ಕರೆಯುತ್ತಾರೆ. ಅಂಥವರು ಊರಿಗೆ ಇಬ್ಬರಾದರೂ ಇರುತ್ತಾರೆ.

ಸಂಜೆಯೊಳಗೆ ಕಾರ್ದೋನಾ ಊರಿನಿಂದ ಫೋನು ಬಂತು. ತಮ್ಮ ಅತ್ತೆ ಕಚೀಲಾ ಕುಡಿತ ಬಿಟ್ಟು ಹತ್ತು ವರ್ಷವಾಯಿತೆಂದೂ, ರೇಡಿಯೋದಲ್ಲಿ ಹೀಗೆ ಮಾನ ಕಳೆಯುವುದು ಸಭ್ಯರ ಲಕ್ಷಣವಲ್ಲವೆಂದೂ ಒಬ್ಬಾಕೆ ಬೈದಳು. ಹಳೆಯ ಕೆಲಸದವಳನ್ನು ನೆನೆಸಿಕೊಳ್ಳುವ ಮಕ್ಕಳು ಈ ಕಾಲದಲ್ಲಿ ಅಪರೂಪವೆಂದು ಪಾದ್ರಿ ಬೆನ್ನು ತಟ್ಟಿದರು. ಪಾಪ ಮುದುಕಿಯನ್ನು ಎಲ್ಲಿ ಮಲಗಿಸುತ್ತೀರಿ ಎಂದು ಹಾಲಿನವನು ವಿಚಾರಿಸಿದ. ಅವನು ಮುದುಕಿ ಎಂದದ್ದು ಕಾರಿಗೇ ಎಂದುಕೊಂಡ ಎಲ್ಬಿಯೊ, ಶೆಡ್ಡಿನಲ್ಲಿ ನಿಲ್ಲಿಸಿ ಮೇಲೊಂದು ತಾಡಪಾಲು ಹೊದಿಸುತ್ತೇನೆ ಎಂದ. ಹಾಲಿನವನು ಅಂದಿನಿಂದ ಅವನಿಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸಿದ.

ಮೂರನೆಯ ದಿನ, ಶುಕ್ರವಾರ, ಪಾಲ್ಮಿತಾಸ್ ಹಳ್ಳಿಯ ಬಸ್ಸಿನಿಂದ ಒಬ್ಬ ಮುದುಕಿ ಇಳಿದಳು. ಎಪ್ಪತ್ತಾರರ ವಯಸ್ಸು, ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ರವಿಕೆ, ಕೈಯಲ್ಲೊಂದು ಚೀಲ. ನೇರ ಒಳಗೆ ಬಂದು ಎಲ್ಬಿಯೊನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಡಿಯಲ್ಲಿ ಕುಂಬಳಕಾಯಿ ನೋಡುವಂತೆ ತಿರುಗಿಸಿ ನೋಡಿದಳು.

"ಹೊಗೆ ನಿಜ, ದಿನಕ್ಕೆ ನಾಲ್ಕು ಸೇದ್ತೀನಿ," ಎಂದಳು. "ಕುಡಿತ ಸುಳ್ಳು. ಯಾರು ಹೇಳಿದ್ದು ನಿಂಗೆ?"

ಆಗ ಎಲ್ಬಿಯೊನಿಗೆ ನೆನಪಾಯಿತು. ಹದಿನಾಲ್ಕು ವರ್ಷಕ್ಕೆ ಅಮ್ಮನ ಔಷಧದ ಪೆಟ್ಟಿಗೆ ಹೊರಲು ಬಂದ ಹುಡುಗಿ, ಮುಂದೆ ಅಮ್ಮನ ಬಲಗೈಯಾದವಳು, ತನ್ನ ಕಿವಿಯನ್ನು ಬಹಳ ಸಲ ಹಿಂಡಿದವಳು. ಅವಳನ್ನು ಅವನು ಪೂರ್ತಿ ಮರೆತಿದ್ದ. ತಪ್ಪು ತಿಳುವಳಿಕೆಯನ್ನು ಕೂಡಲೇ ಸರಿಪಡಿಸಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಕಚೀಲಾ, ಇವತ್ತು ಬಿಸಿಲು ಹೆಚ್ಚು ಎನ್ನುವ ಧಾಟಿಯಲ್ಲೇ, "ನನ್ನನ್ನ ಹುಡುಕ್ಕೊಂಡು ಯಾರೂ ಬಂದಿರಲಿಲ್ಲ ಇಷ್ಟು ವರ್ಷ," ಎಂದಳು. ತೆರೆದ ಬಾಯಿ ತೆರೆದೇ ಉಳಿಯಿತು.

ಅಡಿಗೆಮನೆಯಲ್ಲಿ ಗಂಡ ಹೆಂಡತಿಯ ಗುಪ್ತ ಸಮಾಲೋಚನೆ ನಡೆಯಿತು. ಸತ್ಯ ಹೇಳಿಬಿಡುತ್ತೇನೆ ಎಂದ ಎಲ್ಬಿಯೊ.

"ಹೇಳಿ ನೋಡೋಣ," ಎಂದಳು ನಿಬಿಯಾ. "ಕ್ಷಮಿಸಿ, ನಾವು ನಾಲ್ಕು ಚಕ್ರ ಇರೋದನ್ನ ಹುಡುಕ್ತಿದ್ವಿ, ನೀವು ಮುಂದಿನ ಬಸ್ಸಿಗೆ ಹೊರಡಿ ಅಂತ. ನಾನು ಇಲ್ಲಿಂದ ಕೇಳಿಸ್ಕೋತೀನಿ."

ಹೇಳಲಾಗಲಿಲ್ಲ. ಕಚೀಲಾ ಉಳಿದಳು. ಬೆಳಿಗ್ಗೆ ಅವಳೇ ಮಾತೆ ಕುದಿಸಿ ಸರದಿಯಂತೆ ಎಲ್ಲರಿಗೂ ಕುಡಿಸಿದಳು. (ಮಾತೆ ಎಂದರೆ ಅಲ್ಲಿ ತಾಯಿಯಲ್ಲ, ಕಹಿ ಎಲೆಯ ಕಷಾಯ, ಎಲ್ಬಿಯೊನಿಗೆ ಎರಡೂ ಇಲ್ಲದೆ ದಿನ ಕಳೆಯುತ್ತಿರಲಿಲ್ಲ.) ಅವನು ಮೇಜಿನ ಬಳಿ ಸೌಜನ್ಯದಿಂದ ಕೂತಿದ್ದ; ಬೀದಿಯಲ್ಲಿ ಎಂಜಿನ್ನಿನ ಸದ್ದಾದಾಗಲೆಲ್ಲ ಕಿಟಕಿಯತ್ತ ಕತ್ತು ಉದ್ದ ಮಾಡುತ್ತಿದ್ದ. ನಿಜವಾದ ಕಚೀಲಾ ಇನ್ನೂ ಎಲ್ಲೋ ಇದೆ, ಯಾರೋ ತರುತ್ತಾರೆ ಎಂಬ ಆಸೆ.

ಭಾನುವಾರ ಬಂತು. ಕೆಂಡದ ಮೇಲೆ ಮಾಂಸ, ಎರಡನೆಯ ಲೋಟ, ಹೊಸ ಶ್ರೋತೃ. ಎಲ್ಬಿಯೊ ತಡೆಯಲಾರದೆ ಕಥೆ ಶುರು ಮಾಡಿದ. ಕಚೀಲಾ ಕೊನೆಯವರೆಗೂ ಕೇಳಿದಳು.

"ಯಾವ ಕಾರು ಮಾರಿದ್ದು?" ಎಂದಳು.

"ಹಸಿರು ಆಸ್ಟಿನ್."

"ಅದು ನನ್ನ ಕೊಟ್ಟಿಗೇಲಿದೆ."

ಮಾಂಸ ಹೊತ್ತುವ ವಾಸನೆ ಬಂದರೂ ಯಾರೂ ಏಳಲಿಲ್ಲ.

"ನೀನು ಪಟ್ಟಣಕ್ಕೆ ಹೋದ ವಾರ ನಿಮ್ಮಮ್ಮ ಕರೆದು ಕೊಟ್ಳು," ಎಂದಳು ಕಚೀಲಾ. "ರಜಕ್ಕೆ ಬಂದವನೇ ಕೀಲಿ ಕೇಳ್ತಾನೆ, ನನಗೆ ಇಲ್ಲ ಅನ್ನೋಕಾಗಲ್ಲ, ಅವನು ಬರೋದ್ರೊಳಗೆ ತಗೊಂಡು ಹೋಗು ಅಂದ್ಳು. ನೀನು ತುಂಬು ಬಸುರೀನ ಹಿಂದೆ ಕೂರಿಸ್ಕೊಂಡು ಕಾರನ್ನ ತೊರೆಗೆ ಇಳಿಸಿದ್ದೆಯಲ್ಲೋ."

"ತೊರೇಲಿ ನೀರಿರಲಿಲ್ಲ," ಎಂದ ಎಲ್ಬಿಯೊ ಕ್ಷೀಣವಾಗಿ.

"ಕಲ್ಲಿತ್ತು."

"ಹಾಗಾದ್ರೆ ನನ್ನ ಓದು?"

"ಅದು ಬಿಟ್ಟಿ ಕಣೋ. ನಿನ್ನೊಬ್ಬನ ಹತ್ರ ಅವರು ದುಡ್ಡು ಕೇಳಿದ್ರಾ?"

ಆ ದೇಶದಲ್ಲಿ ವಿಶ್ವವಿದ್ಯಾಲಯಕ್ಕೆ ಶುಲ್ಕವಿಲ್ಲ ಎಂಬುದು ಆ ಕಥೆ ಕೇಳಿದ್ದ ಪ್ರತಿಯೊಬ್ಬ ಅತಿಥಿಗೂ ಗೊತ್ತಿತ್ತು. ಊಟ ಚೆನ್ನಾಗಿರುತ್ತಿದ್ದುದರಿಂದ ಯಾರೂ ಬಾಯಿ ಬಿಟ್ಟಿರಲಿಲ್ಲ. ಎಲ್ಬಿಯೊ ನಲವತ್ತು ವರ್ಷ ಹೊತ್ತಿದ್ದ ಋಣ ಒಂದು ಕ್ಷಣದಲ್ಲಿ ಇಳಿದಿತ್ತು, ಆದರೆ ಹಗುರವಾಗುವ ಬದಲು ಅವನಿಗೆ ಬರಿಗೈಯಾದಂತಾಯಿತು. ಕಾರು ಇದ್ದೂ ಬಸ್ಸಿನಲ್ಲಿ ಏಕೆ ಬಂದಿರಿ ಎಂದು ಕೊನೆಗೆ ಕೇಳಿದ.

"ನೀನಿರೋ ಮನೆಗೆ ಅದನ್ನ ತಂದು, ಕೀಲಿ ದಿಂಬಿನ ಕೆಳಗಿಟ್ಕೊಂಡು ಮಲಗಬೇಕಿತ್ತಾ?"

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಎಲ್ಬಿಯೊ ತಲೆ ತಗ್ಗಿಸಿ ಒಪ್ಪಿಕೊಂಡ. ರೇಡಿಯೋದಲ್ಲಿ ಹುಡುಕಿಸಿದ್ದು ಕಾರನ್ನು.

"ಗೊತ್ತು," ಎಂದಳು ಕಚೀಲಾ. "ಹೆಂಗಸನ್ನ ಹುಡುಕಿದೋನು ಬಂದ ಹೆಂಗಸನ್ನ ನೋಡ್ತಾನೆ. ನೀನು ಬೀದಿ ನೋಡ್ತಿದ್ದೆ."

"ಗೊತ್ತಿದ್ದೂ ಯಾಕೆ ಉಳ್ಕೊಂಡ್ರಿ?" ಎಂದಳು ನಿಬಿಯಾ.

"ನಿನ್ನ ಅಡಿಗೆ ಚೆನ್ನಾಗಿತ್ತು. ಇವನು ಸತ್ಯ ಹೇಳೋಕೆ ಎಷ್ಟು ದಿನ ತಗೋತಾನೆ ನೋಡೋಣ ಅನ್ನಿಸ್ತು."

ಎಲ್ಬಿಯೊ ಈಗ ನಿಜವಾಗಿಯೇ ಬೇಡಿಕೊಂಡ. ಕಾರು ನಿಮ್ಮದೇ ಇರಲಿ. ಸಮಾಧಿಯವರೆಗೆ ಒಂದು ಸಲ ಓಡಿಸಲು ಕೊಡಿ. ಋಣವಿಲ್ಲದಿದ್ದರೆ ಬೇಡ, ಅಮ್ಮನಿಗೆ ಕಾರನ್ನಾದರೂ ತೋರಿಸುತ್ತೇನೆ ಎಂದ. ಕಚೀಲಾ ಯೋಚಿಸಿದಳು. ಎಲ್ಬಿಯೊನ ಕೈಗೆ ಆ ಚಕ್ರ ಕೊಡುವುದಿಲ್ಲವೆಂದು ಎರ್ಸಿಲಿಯಾಳಿಗೆ ಮಾತು ಕೊಟ್ಟಾಗಿತ್ತು. ಸತ್ತವರಿಗೆ ಕೊಟ್ಟ ಮಾತನ್ನು ತಿದ್ದುವಂತಿಲ್ಲ.

"ಆದ್ರೆ ಇವಳ ವಿಷಯ ಅವಳು ಏನೂ ಹೇಳಿರಲಿಲ್ಲ," ಎಂದು ನಿಬಿಯಾಳ ಕಡೆ ನೋಡಿದಳು.

ನಿಬಿಯಾ ಅಲ್ಲಿಯವರೆಗೆ ಯಾವ ವಾಹನವನ್ನೂ ಮುಟ್ಟಿದವಳಲ್ಲ. ಪಾಲ್ಮಿತಾಸಿನ ಹುಲ್ಲುಗಾವಲಿನಲ್ಲಿ ಕಚೀಲಾ ಅವಳಿಗೆ ಎರಡು ವಾರ ಪಾಠ ಹೇಳಿ, ಪರವಾನಗಿ ಕೊಡಿಸಿ, ಇನ್ನು ಸಾಕೆಂದಳು. ಅಲ್ಲಿಂದ ಸಮಾಧಿಗೆ ಹೊರಡುವ ದಿನ ಎಲ್ಬಿಯೊ ಹೊಸ ಕೋಟು ತೊಟ್ಟು, ಹೂಗುಚ್ಛ ಹಿಡಿದು, ಹಿಂದಿನ ಸೀಟಿನಲ್ಲಿ ಕೂತ. ಬ್ಯಾಟರಿ ಸತ್ತಿತ್ತು. ಇಬ್ಬರು ಹೆಂಗಸರೂ ತಿರುಗಿ ಅವನನ್ನು ನೋಡಿದರು. ಹೂಗುಚ್ಛವನ್ನು ಸೀಟಿನ ಮೇಲಿಟ್ಟು ಅವನು ಇಳಿದ.

ಕಚೀಲಾ ಕಿಟಕಿಯಿಂದ ತಲೆ ಹೊರಹಾಕಿ, ನೂರಾರು ಹೆರಿಗೆ ಕಂಡ ದನಿಯಲ್ಲಿ ನಿರ್ದೇಶನ ಆರಂಭಿಸಿದಳು. "ಉಸಿರು ಎಳ್ಕೋ. ಬಾಯಿ ಮುಚ್ಚು. ಈಗ ತಳ್ಳು. ನರಳಬೇಡ, ಎಲ್ಲರಿಗೂ ಹೀಗೇ ಆಗತ್ತೆ. ಇನ್ನೊಂದ್ಸಲ, ಜೋರಾಗಿ."

ಮೂರನೆಯ ಸಲ ತಳ್ಳಿದಾಗ ಕಾರು ಕೆಮ್ಮಿತು, ನಡುಗಿತು, ಒಮ್ಮೆ ಚೀರಿ ಜೀವ ತಳೆದು ಮುಂದೆ ನುಗ್ಗಿತು. ಕೋಟಿನ ಗುಂಡಿ ಕಿತ್ತುಕೊಂಡು, ಹೊಗೆಯಲ್ಲಿ ಕೆಮ್ಮುತ್ತ ಎಲ್ಬಿಯೊ ಹಿಂದೆಯೇ ಓಡಿದ; ನಿಲ್ಲಿಸು, ನಾನೂ ಬರಬೇಕು ಎಂದು ಕೂಗಿದ. ನಿಬಿಯಾ ಮುಂದಿನ ರಸ್ತೆ ಬಿಟ್ಟು ಎತ್ತಲೂ ನೋಡಲಿಲ್ಲ. ಉತ್ತರ ಕೊಟ್ಟವಳು ಕಚೀಲಾ.

"ನಿಲ್ಸಿದ್ರೆ ಮತ್ತೆ ತಳ್ಬೇಕಾಗತ್ತೆ ಕಣೋ. ನೀನು ಬಸ್ಸಿಗೆ ಬಾ. ನಿಮ್ಮಮ್ಮನ ಹತ್ರ ಕಾಯ್ತಿರ್ತೀವಿ."