ಮಾವನವರಿಗೆ ಹಾರ ಹಾಕಿಸಿದ ಸೀರೆ ಮೇಳ

ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ಮೂರು ತಾಲ್ಲೂಕುಗಳ ಸಮಸ್ತ ಕಿವಿಗಳ ಒಡೆಯರೂ, ಧಾರಾವಾಹಿಗಳ ನಡುವೆ ಹೇಳದೆ ಕೇಳದೆ ಅವತರಿಸುವವರೂ ಆದ ನಮ್ಮ ಕೇಬಲ್ ವಾಹಿನಿಯ ಜಾಹೀರಾತು ವಿಭಾಗದ ಮುಖ್ಯಸ್ಥರ ಸನ್ನಿಧಿಗೆ, ಸಿಂಧನೂರಿನ ರೈಸ್‌ಮಿಲ್ ಹಿಂದಿನ ಓಣಿಯಿಂದ ದಾನೇಶ್ವರಿ ಮಾಡುವ ಶರಣು ಶರಣಾರ್ಥಿ.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ, ತಮ್ಮ ಕ್ಷೇಮ ನಮಗೆ ದಿನವೂ ಕೇಳಿಸುತ್ತಿದೆ. ಧಾರಾವಾಹಿಯ ಸೊಸೆ ಅತ್ತೆಯ ಹಾಲಿಗೆ ಏನು ಬೆರೆಸಿದಳೆಂದು ಪಿಸುಗುಟ್ಟುವಾಗ ನಾವು ರಿಮೋಟ್ ಒತ್ತಿ ಒತ್ತಿ ದನಿ ಏರಿಸಿ, ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ಕೂತಿರುತ್ತೇವೆ. ತಾವು ಸರಿಯಾಗಿ ಆ ಗಳಿಗೆ ನೋಡಿಯೇ ಸೀರೆ ಮೇಳ, ಬೋರ್‌ವೆಲ್ ಪೈಪು, ಮೂಲವ್ಯಾಧಿಯ ಔಷಧಿಗಳೊಂದಿಗೆ ಎದೆಯ ಮೇಲೆ ಧುಮುಕುತ್ತೀರಿ. ಅತ್ತೆ ಸತ್ತಳೋ ಉಳಿದಳೋ ನಮಗೆ ಇಂದಿಗೂ ತಿಳಿದಿಲ್ಲ. ನಮ್ಮ ಬೆಕ್ಕು ಸಂಸಾರ ಬಿಟ್ಟು, ಅಲ್ಲಿ ಟಿವಿ ಇಲ್ಲವೆಂಬ ಒಂದೇ ಕಾರಣಕ್ಕೆ ಮಠ ಸೇರಿದೆ. ಪಕ್ಕದ ಮಿಲ್ಲಿನ ಮಾಲೀಕರಂತೂ ತಮ್ಮ ಮಿಲ್ಲು ಸದ್ದೇ ಮಾಡುತ್ತಿಲ್ಲವೆಂದು ಗಾಬರಿಯಾಗಿ ಮೆಕ್ಯಾನಿಕ್‌ನನ್ನು ಕರೆಸಿದರಂತೆ; ಅವನು ಬಂದು ನೋಡಿ, ಮಿಲ್ಲು ಸರಿಯಾಗಿಯೇ ಓಡುತ್ತಿದೆ, ನಡುವೆ ಜಾಹೀರಾತು ಬಂದಿದೆ ಎಂದು ಹೇಳಿ ಹೋದನು.

ಇಷ್ಟಕ್ಕೇ ಪತ್ರ ಬರೆಯುವಷ್ಟು ಅಲ್ಪಳು ನಾನಲ್ಲ. ಆದರೆ ಹೋದ ತಿಂಗಳು ತಾವು ನಮ್ಮ ಮಾವನವರಾದ ಅಮರಗುಂಡಪ್ಪನವರನ್ನು ಅವರ ಒಪ್ಪಿಗೆಯಿಲ್ಲದೆ ತೀರಿಸಿಬಿಟ್ಟಿದ್ದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಆಟೋಗೆ ಮೈಕ್ ಕಟ್ಟಿಕೊಂಡು ಓಣಿ ಓಣಿ ಸಾರುವವರು ಜಂಗ್ಲಿಸಾಬ್ ಅವರೆಂಬುದು ತಮಗೆ ಗೊತ್ತು, ಏಕೆಂದರೆ ತಮ್ಮ ಜಾಹೀರಾತುಗಳಿಗೂ ಅವರದೇ ದನಿ. ಪಾಪ, ಅವರು ಸಾವಿಗೂ ಸೀರೆಗೂ ಭೇದ ಮಾಡದೆ 'ಸಮಸ್ತ ಬಂಧು ಬಾಂಧವರಲ್ಲಿ ವಿನಂತಿ' ಎಂದೇ ಶುರು ಮಾಡುತ್ತಾರೆ. ಅಷ್ಟು ಕಿವಿಗೆ ಬಿದ್ದರೆ ಸಾಕು, ಪೂರ್ತಿ ಕೇಳುತ್ತ ನಿಲ್ಲುವುದು ಮರ್ಯಾದೆಯಲ್ಲವೆಂದು ನಮ್ಮ ಓಣಿಯವರು ಚಪ್ಪಲಿ ಮೆಟ್ಟಿಬಿಡುತ್ತಾರೆ. ಆ ಮಧ್ಯಾಹ್ನ ಧಾರಾವಾಹಿಯ ಮರುಪ್ರಸಾರದ ನಡುವೆ ತಮ್ಮ ಸೀರೆ ಮೇಳದ ವಿನಂತಿ ನಮ್ಮ ಕಿಟಕಿಯಿಂದ ಸಿಡಿದಾಗ, ಆಪರೇಷನ್ ಮುಗಿಸಿಕೊಂಡು ಮಾವನವರು ರಾಯಚೂರಿನಿಂದ ಮರಳಿ ಆಗಿನ್ನೂ ವಾರವಾಗಿರಲಿಲ್ಲ. ಉಳಿದದ್ದನ್ನು ಓಣಿಯೇ ಊಹಿಸಿಕೊಂಡಿತು.

ನಮ್ಮವರಲ್ಲಿ ಲಿಂಗೈಕ್ಯರಾದವರನ್ನು ಮಲಗಿಸುವುದಿಲ್ಲ, ಹಣೆತುಂಬ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮಾವನವರೋ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ, ಗೋಡೆಗೆ ಒರಗಿ ಕೂತಿದ್ದರು. ಜಾಹೀರಾತು ಬಂದಾಗ ಕಿವಿಗೆ ಹತ್ತಿ ತುರುಕಿಕೊಂಡು ಕಣ್ಣು ಮುಚ್ಚುವುದು ಅವರ ರೂಢಿಯಾದ್ದರಿಂದ, ಅದನ್ನೂ ಮಾಡಿದ್ದರು. ಒಳಗೆ ಬಂದವರಿಗೆ ಮಾಡಲು ಹಾರ ಹಾಕುವುದೊಂದನ್ನು ಬಿಟ್ಟು ಬೇರೆ ಕೆಲಸವೇ ಉಳಿದಿರಲಿಲ್ಲ. ಐದಾರು ಹಾರ ಬಿದ್ದ ಮೇಲೆ ಮಾವನವರು ಕಣ್ಣು ಬಿಟ್ಟು "ಏನ್ ಸನ್ಮಾನರೀ ಇದು?" ಎಂದು ಕೇಳುವ ಹೊತ್ತಿಗೆ, ಎದುರುಮನೆಯ ಸಂಗನಬಸವ ಹೊಸ್ತಿಲಲ್ಲಿ ನಿಂತೇ ಲಿಂಗಸುಗೂರಿಗೆ ಫೋನ್ ಮಾಡಿ ಮುಗಿಸಿದ್ದ.

ಲಿಂಗಸುಗೂರಿನಲ್ಲಿ ಮಾವನವರ ತಂಗಿ ಕಸ್ತೂರೆಮ್ಮ ಇದ್ದಾರೆ. ಪ್ರತಿ ವರ್ಷ ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆತರಲು ಸ್ವತಃ ಹೋಗುತ್ತಿದ್ದ ಮಾವನವರು ಒಂದು ವರ್ಷ ಮಂಡಿನೋವೆಂದು ಫೋನಿನಲ್ಲೇ ಕರೆದುಬಿಟ್ಟಿದ್ದರು. "ಫೋನ್ ಮಾಡಿ ಕರಿಯಾಕ ನಾನೇನು ಆಟೋನಾ? ನಾಕು ಮಂದಿ ಮುಂದ ಬಂದು ಕರೀಬೇಕು" ಎಂದ ಕಸ್ತೂರೆಮ್ಮ ಅಂದಿನಿಂದ ಈ ಕಡೆ ಕಾಲಿಟ್ಟಿರಲಿಲ್ಲ, ಮಾವನವರೂ ಸೆಟೆದುಕೊಂಡು ಮತ್ತೆ ಕರೆದಿರಲಿಲ್ಲ. ಅಂಥವರು ಸುದ್ದಿ ತಿಳಿದದ್ದೇ, ನಾವು ತಿರುಗಿ ಮಾಡಿದ ಫೋನನ್ನೂ ಎತ್ತದೆ ಬಸ್ಸು ಹತ್ತಿ, ಮಸ್ಕಿಯಿಂದಲೇ ಅಳಲು ಶುರು ಮಾಡಿ, ಕಂಡಕ್ಟರನನ್ನೂ ಅಳಿಸಿ, ಸಂಜೆಗೆ ನಮ್ಮ ಮನೆ ಮುಟ್ಟಿದರು.

ಆಗ ಮತ್ತೆ ತಮ್ಮ ಜಾಹೀರಾತು ನಡೆದಿತ್ತು. ಹೂವು ಹಾಳಾಗುತ್ತದೆಂದು ಹಾರ ತೆಗೆಯದಿದ್ದ ಮಾವನವರು ಮತ್ತೆ ಹತ್ತಿ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ನಮ್ಮ ಕಡೆಯ ಹೆಂಗಸರು ಹೋದವರ ಗುಣಗಳನ್ನು ಒಂದೊಂದಾಗಿ ಹಾಡಿಕೊಂಡು ಅಳುತ್ತಾರೆ, ಶುರುವಾದದ್ದನ್ನು ನಡುವೆ ನಿಲ್ಲಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಕಸ್ತೂರೆಮ್ಮ ಸೆರಗು ಮುಖಕ್ಕೆ ಮುಚ್ಚಿಕೊಂಡು "ಕರಿ ಎತ್ತಿನ ಬಂಡ್ಯಾಗ ನನ್ನ ತವರಿಗೆ ತರತಿದ್ದೆಲ್ಲೋ ಅಣ್ಣಾ" ಎಂದು ಹಾಡೆತ್ತಿದರು. ಹತ್ತಿಯನ್ನು ದಾಟುವ ದನಿ ತಮ್ಮದನ್ನು ಬಿಟ್ಟರೆ ಅವರದೊಂದೇ. ಮಾವನವರು "ಕರಿ ಎತ್ತಲ್ಲಬೇ ಕಸ್ತೂರಿ, ಬಿಳಿ ಎತ್ತು" ಎಂದು ತಿದ್ದಿದರು. "ಸುಮ್ನಿರಣ್ಣ, ಅಳಾಕತ್ತೀನಿ" ಎಂದು ಗದರಿದ ಕಸ್ತೂರೆಮ್ಮ, "ಪಂಚಮಿಗೆ ಬಂದೇ ಬರತಿ ಅಂತ ವರ್ಷಾ ಬಾಗಲದಾಗ ನಿಂತು ದಾರಿ ನೋಡತಿದ್ನೆಲ್ಲೋ" ಎಂದು ಮುಂದುವರಿಸಿದರು. ಇದನ್ನು ಮಾವನವರು ತಿದ್ದಲಿಲ್ಲ. ತಲೆ ತಗ್ಗಿಸಿ ಹಾರದ ಚೆಂಡುಹೂವು ಕೀಳುತ್ತ ಕೂತರು.

ತಿದ್ದುವ ದನಿ ಬಾರದಿದ್ದಾಗಲೇ ಕಸ್ತೂರೆಮ್ಮನಿಗೆ ತಿಳಿಯಿತು, ಮೊದಲು ಮಾತಾಡಿದ್ದು ಯಾರೆಂದು. ಸೆರಗು ತೆಗೆದು ನೋಡಿ, "ಬದುಕಿದಿ ಅಂತ ಗೊತ್ತಿದ್ರ ನಾ ಯಾಕ ಬರತಿದ್ದೆ!" ಎಂದು ಕಿಡಿಕಾರಿ, ಚಹಾವನ್ನೂ ಮುಟ್ಟದೆ ಬಂದ ಬಸ್ಸಿಗೇ ತಿರುಗಿ ಹೋದರು.

ಮಾನ್ಯರೇ, ಅಂದಿನಿಂದ ಮಾವನವರಿಗೆ ಊಟ ಸೇರುತ್ತಿಲ್ಲ. ಪಂಚಮಿ ಹತ್ತಿರ ಬಂದಿದೆ. ಡಾಕ್ಟರು ಬಸ್ಸು ಹತ್ತಬಾರದೆಂದಿದ್ದಾರೆ. ಮಗನನ್ನು ಕಳಿಸಿದರೆ ಅದು ಅಣ್ಣ ಬಂದಂತಾಗದು. ಫೋನಿನ ಕಥೆ ತಮಗೆ ಗೊತ್ತೇ ಇದೆ. "ಸತ್ತೀನಂತ ಬಂದಾಕೀನ, ಬದುಕೀನಿ ಬಾ ಅಂತ ಹ್ಯಾಂಗ ಕರೀಲಿ?" ಎಂದು ಅವರು ಕೇಳಿದಾಗ ನಾನು ಈ ಪತ್ರ ಬರೆಯಲು ಕೂತೆ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳು. ಪ್ರತಿ ಜಾಹೀರಾತಿಗೆ ಮುನ್ನ ಮನೆಮನೆಗೆ ಒಬ್ಬರನ್ನು ಕಳಿಸಿ, ಕೂಗಲು ಹೊರಟಿರುವುದಾಗಿ ಬಾಗಿಲು ಬಡಿದು ತಿಳಿಸಬೇಕು. ಮಠಕ್ಕೆ ಹೋಗಿ ನಮ್ಮ ಬೆಕ್ಕಿನ ಕ್ಷಮೆ ಕೇಳಬೇಕು. ಇವು ಆಗದಿದ್ದರೂ ಚಿಂತೆಯಿಲ್ಲ, ಇದೊಂದನ್ನು ಮಾತ್ರ ನಡೆಸಿಕೊಡಬೇಕು: ಧಾರಾವಾಹಿಯ ಸೊಸೆ ಪಿಸುಗುಟ್ಟುವ ಹೊತ್ತು ನೋಡಿ, ಮೂರು ತಾಲ್ಲೂಕಿನ ಗೋಡೆ ಅದುರುವಂತೆ, ನಮ್ಮ ಮಾವನವರನ್ನೇ ತಮ್ಮ ಮೈಕಿನ ಮುಂದೆ ಕೂರಿಸಿ, "ಕಸ್ತೂರಿ, ಪಂಚಮಿಗೆ ಬಾರವ್ವ" ಎಂದು ಒಂದು ಮಾತು ಕೂಗಿಸಬೇಕು. ನಾಲ್ಕು ಮಂದಿಯ ಮುಂದೆ ಕರೆಯಬೇಕೆಂದಿದ್ದರು. ತಮ್ಮ ಕೃಪೆಯಿಂದ ನಾಲ್ಕು ಲಕ್ಷ ಮಂದಿಯ ಮುಂದೆ ಕರೆದಂತಾಗುತ್ತದೆ. ಮಾವನವರು ಈಗಾಗಲೇ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಾರೆ.

ಕಿವಿಗಳು ಉಳಿದಿರುವವರೆಗೆ,
ತಮ್ಮ ವಿಶ್ವಾಸಿ,
ದಾನೇಶ್ವರಿ

ತಾ.ಕ.: ಪಂಚಮಿ ಮುಗಿಯುವವರೆಗೆ ದಯಮಾಡಿ ದನಿಯನ್ನು ಒಂದು ಗೆರೆಯೂ ತಗ್ಗಿಸಬೇಡಿ. ಮುಗಿದ ಮರುದಿನವೂ ತಗ್ಗಿಸದಿದ್ದರೆ, ಅಷ್ಟರಲ್ಲಿ ತವರಿಗೆ ಬಂದಿರುವ ಕಸ್ತೂರೆಮ್ಮನವರನ್ನು ತಮ್ಮ ಕಚೇರಿಗೆ ಕರೆತಂದು, ತಾವು ಬದುಕಿರುವಾಗಲೇ ತಮ್ಮ ಗುಣಗಳನ್ನೆಲ್ಲ ಹಾಡಿಸಿ ಅಳಿಸುತ್ತೇವೆ. ಅವರ ದನಿ ತಗ್ಗಿಸುವ ಗುಂಡಿ ಯಾವ ರಿಮೋಟಿನಲ್ಲೂ ಇಲ್ಲ.