ಕುದುರೆಗೆ ಕತ್ತೆ ಎಂದವರು

ಮಿಂಚು ಎಂಬ ಹೆಸರಿನ ಹೆಣ್ಣು ಕುದುರೆ ತನ್ನ ಮುಂಗಾಲನ್ನು ಕನ್ನಡಕದವರ ಎಡಪಾದದ ಮೇಲಿಟ್ಟು, ಬಾಡಿಗೆ ಕೊಟ್ಟು ಹಿಡಿದ ಜಾಗವೇನೋ ಎಂಬಂತೆ ಆರಾಮವಾಗಿ ನಿಂತುಕೊಂಡಿತು. ಬೆಳಗಿನ ಹೊತ್ತು. ಲಾಯದಲ್ಲಿ ಬೇರೆ ಯಾರೂ ಇದ್ದಂತಿರಲಿಲ್ಲ.

"ಅಯ್ಯೋ, ಕತ್ತೆ! ಕಾಲು ತೆಗಿ!" ಎಂದು ಕನ್ನಡಕದವರು ಕೂಗಿಕೊಂಡರು.

ಮಿಂಚು ಸ್ವಲ್ಪ ಯೋಚಿಸಿ ಕಾಲು ತೆಗೆಯಿತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರದ ಅಡ್ಡಗೋಡೆಯ ಆಚೆಯಿಂದ ದಂತವೈದ್ಯರ ತಲೆ ನಿಧಾನವಾಗಿ ಮೇಲೆದ್ದಿತು.

"ಏನಂದ್ರಿ?" ಎಂದು ಅವರು ಕೇಳಿದರು, ಹುಳುಕು ಹಲ್ಲು ಕಂಡಾಗ ಕೇಳುವ ಅದೇ ಮೆದು ದನಿಯಲ್ಲಿ.

"ಏನಿಲ್ಲ ಡಾಕ್ಟ್ರೇ. ಕಾಲು ತುಳೀತು."

"ಅದನ್ನ ಕೇಳ್ಲಿಲ್ಲ. ಕುದುರೆಗೆ ಏನಂದ್ರಿ?"

ಕನ್ನಡಕದವರಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿಯಿತ್ತು. ಅಶ್ವಾರೋಹಿಗಳ ಸಂಘಕ್ಕೆ ಅವರು ಸೇರಿ ಬಹಳ ವರ್ಷಗಳಾಗಿದ್ದವು. ಸ್ವಂತ ಕುದುರೆ ಇಲ್ಲದವರಿಗಾಗಿ ಸಂಘವೇ ಸಾಕಿದ ಮಿಂಚುವಿನ ಮೇಲೆ ಕೂತು ಮೈದಾನ ಸುತ್ತುವುದಷ್ಟೇ ಅವರ ಭಾಗ್ಯವಾಗಿತ್ತು. ಸ್ಪರ್ಧೆಗೆ ಹೆಸರು ಕೊಟ್ಟಾಗಲೆಲ್ಲ ಒಂದಲ್ಲ ಒಂದು ಅಡ್ಡಿ ಬರುತ್ತಿತ್ತು. ಈ ವರ್ಷ ಅಂತೂ ಇಂತೂ ಅವರ ಸರದಿ ಬಂದಿತ್ತು. ಮರುದಿನವೇ ಬೇಲಿ ಹಾರುವ ಸ್ಪರ್ಧೆ. ಅದನ್ನು ನೋಡಲೆಂದೇ ಅವರ ಹೆಂಡತಿಯ ತಮ್ಮ ಸಂಸಾರ ಸಮೇತ ಪಕ್ಕದ ಊರಿನಿಂದ ಹೊರಟಿದ್ದ. ಅಕ್ಕನ ಮದುವೆಯಾದ ದಿನದಿಂದ ಈತನಿಗೆ ತನ್ನ ಭಾವನ ಬಗ್ಗೆ ಒಂದೇ ಒಂದು ಅಭಿಪ್ರಾಯವಿತ್ತು, ಅದೂ ಒಳ್ಳೆಯದಲ್ಲ. ನಾಳೆಯೊಂದು ದಿನ ಅವನ ಬಾಯಿ ಮುಚ್ಚಿಸಿಬಿಟ್ಟರೆ ಜನ್ಮ ಸಾರ್ಥಕವೆಂದು ಕನ್ನಡಕದವರು ನಂಬಿದ್ದರು.

ಅವರಿಗೇನಾದರೂ ಆದರೆ ಮಿಂಚುವಿನ ಮೇಲೆ ಕೂರುವ ಮುಂದಿನ ಸರದಿ ದಂತವೈದ್ಯರದು. ಹಾಗಾಗಿ ದೂರು ತಿಂಡಿಯ ಹೊತ್ತಿಗೆಲ್ಲ ಸಂಘದ ಕಾರ್ಯದರ್ಶಿಯ ಮೇಜು ತಲುಪಿದ್ದರಲ್ಲಿ ಆಶ್ಚರ್ಯವಿಲ್ಲ.

ಕಾರ್ಯದರ್ಶಿ ಸಂಬಳಕ್ಕಿದ್ದ ಮನುಷ್ಯ, ಸದಸ್ಯನಲ್ಲ. ಕುದುರೆ ಕಂಡರೆ ದೂರ ನಿಲ್ಲುತ್ತಿದ್ದ, ನಿಯಮ ಕಂಡರೆ ಹತ್ತಿರ ಬರುತ್ತಿದ್ದ. ಹತ್ತು ಗಂಟೆಗೆ ಅಂಗಡಿಗೇ ಬಂದು ನೋಟಿಸನ್ನೂ ನಿಯಮಗಳ ಪುಸ್ತಕವನ್ನೂ ಗಾಜಿನ ಪೆಟ್ಟಿಗೆಯ ಮೇಲಿಟ್ಟ.

"ಸಂಜೆ ವಿಚಾರಣೆ ಸಾರ್. ಹನ್ನೊಂದನೇ ನಿಯಮ. ಸದಸ್ಯರು ಕುದುರೆಯನ್ನಾಗಲಿ, ಇತರ ಸದಸ್ಯರನ್ನಾಗಲಿ ಹೀನಾಯವಾಗಿ ಸಂಬೋಧಿಸತಕ್ಕದ್ದಲ್ಲ."

"ಕತ್ತೆ ಅನ್ನೋದು ಅಷ್ಟು ದೊಡ್ಡ ಬೈಗಳೇನಪ್ಪಾ? ನಮ್ಮನೇಲಿ ನನ್ನನ್ನ ದಿನಾ ಅಂತಾರೆ."

"ನಿಮ್ಮನ್ನ ಅನ್ನಬಹುದು ಸಾರ್. ಕುದುರೆಗೆ ಹಾಗನ್ನೋದು ಅಂದ್ರೆ..." ಕಾರ್ಯದರ್ಶಿ ಮಾತು ಮುಗಿಸಲಾರದೆ ಕಣ್ಣು ಕೆಳಗೆ ಮಾಡಿದ. "ಮೂರು ತಿಂಗಳು ಸವಾರಿ ಬಂದ್ ಮಾಡಬಹುದು."

ಕನ್ನಡಕದವರು ಕೂತುಬಿಟ್ಟರು. ಸಂಕಟಕ್ಕೆ ಪುಸ್ತಕ ತೆರೆದರು. ಒಳಗೆ ನಿಯಮಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿದ್ದವು. ಜೀನಿನ ಮೇಲೆ ಕೂತು ಆಕಳಿಸುವಂತಿಲ್ಲ. ಬಿದ್ದವರನ್ನು ನೋಡಿ ನಗುವಂತಿಲ್ಲ. ಬಿದ್ದವರೂ ನಗುವಂತಿಲ್ಲ.

ಅಷ್ಟರಲ್ಲಿ ಸಂಜೆ ವಿಚಾರಣೆ ನಡೆಸಬೇಕಿದ್ದ ಶಿಸ್ತು ಸಮಿತಿಯ ಅಧ್ಯಕ್ಷರೇ ಒಳಗೆ ಬಂದರು. ಅವರು ಬೇಕರಿ ಇಟ್ಟವರು, ತೋಳಿಗೆ ಇನ್ನೂ ಮೈದಾ ಮೆತ್ತಿಕೊಂಡಿತ್ತು. ಕಣ್ಣಿನ ತೊಂದರೆ ಏನೂ ಇಲ್ಲದ ಅವರು ಒಂದು ಕನ್ನಡಕ ಎತ್ತಿ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರು.

"ನಾನು ಕೇಸಿನ ಬಗ್ಗೆ ಒಂದಕ್ಷರ ಮಾತಾಡೋ ಹಾಗಿಲ್ಲ," ಎಂದು ಶುರುಮಾಡಿ ಅರ್ಧ ಗಂಟೆ ಮಾತಾಡಿದರು. "ಹಸು ಅಂದಿದ್ರೆ ಬಿಟ್ಟುಬಿಡ್ತಿದ್ವಿ. ಎತ್ತು ಅಂದಿದ್ರೂ ಸರಿ. ಇಷ್ಟೊಂದು ಪ್ರಾಣಿ ಇರುವಾಗ ನಿಮಗೆ ಅದೇ ಯಾಕ್ರೀ ಬಾಯಿಗೆ ಬರಬೇಕು?"

"ಕಾಲು ತುಳೀವಾಗ ಆಯ್ಕೆ ಮಾಡೋಕೆ ಆಗುತ್ತಾ ಸಾರ್?"

"ಅದನ್ನೇ ಶಿಸ್ತು ಅನ್ನೋದು," ಎಂದು ಹೇಳಿ ಅವರು ಹೊರಟುಹೋದರು. ಕನ್ನಡಕ ಅವರ ಮೂಗಿನ ಮೇಲೆಯೇ ಹೋಯಿತು.

ಮಧ್ಯಾಹ್ನಕ್ಕೆ ಸಮಿತಿಯ ಎರಡನೆಯವರು ಬಂದರು. ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಅವರನ್ನು ಎಲ್ಲರೂ ದೊಡ್ಡ ಮಿಸ್ ಎನ್ನುತ್ತಿದ್ದರು. ಅವರ ಮುಂದೆ ಕನ್ನಡಕದವರಿಗೆ ತಾನಾಗಿಯೇ ಎದ್ದು ನಿಲ್ಲಬೇಕೆನಿಸುತ್ತಿತ್ತು, ನಿಂತರು.

"ತಪ್ಪು ಮಾಡಿದ್ಮೇಲೆ ಒಪ್ಕೋಬೇಕು," ಎಂದರು ದೊಡ್ಡ ಮಿಸ್. "ಈಗ್ಲೇ ಹೋಗಿ ಮಿಂಚುವಿನ ಮುಂದೆ ನಿಂತು ತಪ್ಪಾಯ್ತು ಅನ್ನಿ. ಮನಸಾರೆ ಅನ್ನಿ. ಅದಕ್ಕೆ ಗೊತ್ತಾಗುತ್ತೆ."

ಕನ್ನಡಕದವರು ಅಂಗಡಿ ಮುಚ್ಚಿ, ಕುಂಟುತ್ತ ಲಾಯಕ್ಕೆ ಹೋಗಿ, ಕೈಕಟ್ಟಿ ನಿಂತು ಮನಸಾರೆ ಕ್ಷಮೆ ಕೇಳಿದರು. ಮಿಂಚು ಅವರ ಜೇಬಿನಿಂದ ಕರವಸ್ತ್ರ ಎಳೆದು ಅಗಿಯತೊಡಗಿತು. ಅಡ್ಡಗೋಡೆಯ ಆಚೆಯಿಂದ ದಂತವೈದ್ಯರ ತಲೆ ಮತ್ತೆ ಎದ್ದಿತು.

"ದೂರು ಕೊಟ್ಟ ಮೇಲೆ ಸಾಕ್ಷಿಯನ್ನ ಒಲಿಸಿಕೊಳ್ಳೋ ಪ್ರಯತ್ನ," ಎಂದು ಅವರು ತಮಗೆ ತಾವೇ ಹೇಳಿಕೊಂಡು ಜೇಬಿನಿಂದ ಪೆನ್ನು ತೆಗೆದರು.

ತಿರುಗಿ ಅಂಗಡಿಗೆ ಬಂದರೆ ಬಾಗಿಲಲ್ಲಿ ಸಮಿತಿಯ ಮೂರನೆಯವರು ಕಾಯುತ್ತಿದ್ದರು. ಇವರು ವಿಮೆ ಏಜೆಂಟರು. ಯಾವ ಅಪಘಾತವಾದರೂ ಅದಕ್ಕೆ ಇವರ ಬಳಿ ಒಂದು ದಾರಿ ಇರುತ್ತಿತ್ತು.

"ನೋಡಿ, ನಾನು ಬಂದಿದ್ದೆ ಅಂತ ಯಾರಿಗೂ ಹೇಳ್ಬೇಡಿ. ಕತ್ತೆ ಅಂದಿಲ್ಲ ಅಂತ ಹೇಳೋಕಾಗಲ್ಲ, ಡಾಕ್ಟ್ರು ಕೇಳಿದಾರೆ. ಆದ್ರೆ ಯಾರಿಗೆ ಅಂದ್ರಿ ಅನ್ನೋದು ಅವರಿಗೇನು ಗೊತ್ತು? ನನಗೆ ನಾನೇ ಅಂದ್ಕೊಂಡೆ ಅನ್ನಿ. ಮುಗೀತು!"

ಕನ್ನಡಕದವರಿಗೆ ಹೋದ ಜೀವ ಬಂದಂತಾಯಿತು. ಎಂಥಾ ಸರಳ ಉಪಾಯ! ಆ ಸಂತೋಷದಲ್ಲಿ ಅವರು ಸಂಜೆಯವರೆಗೂ ನಿಯಮಗಳ ಪುಸ್ತಕವನ್ನು ತಿರುವುತ್ತ ಕೂತರು.

ವಿಚಾರಣೆ ಸಂಘದ ಕಚೇರಿಯಲ್ಲಿ, ಹಳೆಯ ಲಗಾಮುಗಳನ್ನು ತೂಗುಹಾಕಿದ್ದ ಗೋಡೆಯ ಕೆಳಗೆ ನಡೆಯಿತು. ಉದ್ದ ಮೇಜಿನ ಹಿಂದೆ ಸಮಿತಿಯ ಮೂವರೂ ಕನ್ನಡಕದವರ ಪರಿಚಯವೇ ಇಲ್ಲದವರಂತೆ ಕೂತಿದ್ದರು.

"ಆ ಮಾತು ಕೇಳಿದಾಗಿನಿಂದ ಮಿಂಚು ಕುಗ್ಗಿಹೋಗಿದೆ," ಎಂದರು ದಂತವೈದ್ಯರು. "ಹುಲ್ಲು ಮುಟ್ಟಿಲ್ಲ."

"ಮುಟ್ಟಿದೆ ಸಾರ್, ಎರಡು ಸಲ ಹಾಕಿಸಿದೀನಿ," ಎಂದ ಕಾರ್ಯದರ್ಶಿ.

"ಬೇಜಾರಲ್ಲಿ ತಿಂದಿದೆ."

ಬೇಕರಿಯವರು ಗಂಟಲು ಸರಿಮಾಡಿಕೊಂಡರು. "ಕತ್ತೆ ಅಂದಿದ್ದು ನಿಜವಾ?"

"ನಿಜ," ಎಂದರು ಕನ್ನಡಕದವರು ಗಂಭೀರವಾಗಿ. "ಆದ್ರೆ ಅದು ನನಗೆ ನಾನೇ ಅಂದ್ಕೊಂಡಿದ್ದು."

ವಿಮೆಯವರು ಮೆಚ್ಚುಗೆಯಿಂದ ತಲೆಯಾಡಿಸಿದರು. ಆದರೆ ದೊಡ್ಡ ಮಿಸ್ ಹುಬ್ಬು ಗಂಟಿಕ್ಕಿದರು.

"ನೀವು ಈ ಸಂಘದ ಸದಸ್ಯರು ತಾನೇ?"

"ಹೌದು ಮಿಸ್."

"ಹಾಗಾದ್ರೆ ನೀವು ಬೈದಿದ್ದು ಸಂಘದ ಒಬ್ಬ ಸದಸ್ಯರನ್ನ. ಕುದುರೆಗೆ ಬೈದ್ರೆ ಮೂರು ತಿಂಗಳು. ಸದಸ್ಯರಿಗೆ ಬೈದ್ರೆ ಆರು."

"ಆ ಸದಸ್ಯ ಬೇಜಾರು ಮಾಡ್ಕೊಂಡಿಲ್ಲ ಮಿಸ್!"

"ಅದು ಅವರ ದೊಡ್ಡ ಗುಣ. ನಿಮ್ಮ ತಪ್ಪು ತಪ್ಪೇ."

ದಂತವೈದ್ಯರು ಕೈ ಎತ್ತಿದರು. "ಕಾಲು ತೆಗಿ ಅಂತಾನೂ ಅಂದ್ರು. ಅದೂ ತನಗೇನಾ ಕೇಳಿ. ಕುದುರೆ ಕಾಲಿನ ಕೆಳಗೆ ಸಿಕ್ಕಿರೋ ಕಾಲನ್ನ ಇವರು ಹೆಂಗೆ ತೆಗೀತಿದ್ರು?"

ನಾಳೆಯ ಮೈದಾನ, ಬೇಲಿಗಳು, ಭಾವಮೈದನ ಮುಚ್ಚಿದ ಬಾಯಿ, ಎಲ್ಲವೂ ಕನ್ನಡಕದವರ ಕಣ್ಣೆದುರಿನಿಂದ ಒಂದೊಂದಾಗಿ ಜಾರಿಹೋಗುತ್ತಿದ್ದವು. ಆಗ ಅವರಿಗೆ ಮಧ್ಯಾಹ್ನ ಪುಸ್ತಕದಲ್ಲಿ ಓದಿದ್ದು ನೆನಪಾಯಿತು. ಎದ್ದು ನಿಂತರು.

"ಕಾರ್ಯದರ್ಶಿಗಳೇ, ಮೂವತ್ತೊಂದನೇ ನಿಯಮ ಓದ್ತೀರಾ?"

ಕಾರ್ಯದರ್ಶಿ ಪುಸ್ತಕ ನೋಡದೆಯೇ ಹೇಳಿದ. "ಸಮಿತಿಯವರು ವಿಚಾರಣೆಗೆ ಮುಂಚೆ ಆರೋಪಿಯೊಡನೆ ದೂರಿನ ಬಗ್ಗೆ ಮಾತಾಡಿದರೆ ಆ ಕೂಡಲೇ ಸ್ಥಾನ ಕಳೆದುಕೊಳ್ಳತಕ್ಕದ್ದು."

"ಇವತ್ತು ಇವರು ಮೂವರೂ ನನ್ನ ಅಂಗಡಿಗೆ ಬಂದಿದ್ರು. ಒಬ್ಬರಾದ ಮೇಲೆ ಒಬ್ಬರು."

ಸಮಿತಿಯ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀವೂ ಹೋಗಿದ್ರಾ?" ಎಂದು ದೊಡ್ಡ ಮಿಸ್ ಬೇಕರಿಯವರನ್ನು ಕೇಳಿದರು. ಬೇಕರಿಯವರು ಹೊಸ ಕನ್ನಡಕವನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡರು. ವಾದಿಸಲು ಏನೂ ಉಳಿದಿರಲಿಲ್ಲ. ಮೂವರೂ ಎದ್ದು ಬಂದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು.

"ವಿಚಾರಿಸೋರೇ ಇಲ್ಲದ ದೂರು ಬಿದ್ದುಹೋಯ್ತು," ಎಂದು ಕಾರ್ಯದರ್ಶಿ ಘೋಷಿಸಿದ. "ನೀವು ನಿರ್ದೋಷಿ ಸಾರ್."

ಕನ್ನಡಕದವರಿಗೆ ಕುಣಿದುಬಿಡೋಣ ಎನ್ನಿಸಿತು. ಕಾಲು ನೋಯುತ್ತಿದ್ದರಿಂದ ಕುಣಿಯಲಿಲ್ಲ.

"ಒಂದ್ನಿಮಿಷ ಸಾರ್. ನಾಳೆ ಸ್ಪರ್ಧೆ. ಶಿಸ್ತು ಸಮಿತಿಗೆ ಅಧ್ಯಕ್ಷರಿಲ್ಲದೆ ನಡೆಸೋ ಹಾಗಿಲ್ಲ. ಸ್ಥಾನ ಖಾಲಿಯಾದ್ರೆ, ಸಭೆಯಲ್ಲಿ ಇರೋರ ಪೈಕಿ ಕಳಂಕವಿಲ್ಲದ ಹಿರಿಯ ಸದಸ್ಯರು ಆ ಕೂಡಲೇ ವಹಿಸ್ಕೋಬೇಕು." ಕಾರ್ಯದರ್ಶಿ ಬೆಂಚಿನ ಕಡೆ ನೋಡಿದ, ಹೋದ ವರ್ಷ ಸೇರಿದ್ದ ದಂತವೈದ್ಯರ ಕಡೆ ನೋಡಿದ, ಆಮೇಲೆ ಕನ್ನಡಕದವರ ಅಂಗಿಗೆ ಅಧ್ಯಕ್ಷರ ಬಿಲ್ಲೆ ಚುಚ್ಚಿದ. "ಅಭಿನಂದನೆಗಳು."

ಕನ್ನಡಕದವರು ಬಿಲ್ಲೆ ಸವರಿಕೊಂಡರು. ಅಧ್ಯಕ್ಷರೇ ಕುದುರೆಯೇರಿ ಬೇಲಿ ಹಾರುವುದು! ಭಾವಮೈದ ನೋಡಬೇಕು!

"ಕುದುರೆ ಯಾಕೆ ಏರ್ತೀರಿ ಸಾರ್?" ಎಂದ ಕಾರ್ಯದರ್ಶಿ. "ತೀರ್ಪಿನ ಮೇಲೆ ಬರೋ ದೂರೆಲ್ಲ ವಿಚಾರಿಸೋರೇ ಸ್ಪರ್ಧೆಗೆ ಇಳಿದ್ರೆ ಹೆಂಗೆ? ಅಧ್ಯಕ್ಷರು ಶಾಮಿಯಾನದ ಕೆಳಗೆ ಕುರ್ಚಿ ಮೇಲೆ ಕೂತಿರಬೇಕು, ಕೊನೇವರೆಗೂ."

"ಹಾಗಾದ್ರೆ ನನಗೆ ಬೇಡ! ರಾಜೀನಾಮೆ! ತಗೊಳ್ಳಿ, ಈಗ್ಲೇ!"

"ರಾಜೀನಾಮೆಯನ್ನ ಸಮಿತಿ ಸಭೆ ಸೇರಿ ಒಪ್ಕೋಬೇಕು ಸಾರ್. ಸಭೆಗೆ ಮೂವರಿರಬೇಕು."

"ಮೂವರು ಎಲ್ಲಿದಾರಯ್ಯಾ?"

"ಈಗ ತಾನೇ ನೀವೇ ತೆಗೆಸಿದ್ರಲ್ಲ ಸಾರ್."

ದಂತವೈದ್ಯರು ಬಹಳ ವಿನಯದಿಂದ ಮುಂದೆ ಬಂದು ಒಂದು ಹಾಳೆ ಚಾಚಿದರು. "ಅಧ್ಯಕ್ಷರೇ, ನಾಳೆ ಮಿಂಚು ಖಾಲಿ ಇದೆ. ನಾನು ಕೂರೋಕೆ ನಿಮ್ಮ ಅನುಮತಿ ಬೇಕಿತ್ತು."

ಕನ್ನಡಕದವರು ಸಹಿ ಹಾಕುತ್ತಿರುವಾಗಲೇ ಮೊಬೈಲು ಹೊಡೆದುಕೊಂಡಿತು. ಆ ಕಡೆ ಹೆಂಡತಿ, ಖುಷಿಯಲ್ಲಿ ಉಸಿರು ಸಿಕ್ಕಿಕೊಳ್ಳುವಂತೆ ಮಾತಾಡುತ್ತಿದ್ದಳು. "ರೀ, ನನ್ನ ತಮ್ಮ ಬಂದ್ಬಿಟ್ಟಿದಾನೆ! ನಿಮ್ಮ ಫೋಟೋ ತೆಗೀಬೇಕು ಅಂತ ದೊಡ್ಡ ಕ್ಯಾಮೆರಾ ತಂದಿದಾನೆ! ನಾಳೆ ಎಲ್ಲಿ ನಿಂತ್ಕೊಂಡ್ರೆ ನೀವು ಚೆನ್ನಾಗಿ ಕಾಣ್ತೀರಿ ಅಂತ ಕೇಳ್ತಿದಾನೆ."

ಕನ್ನಡಕದವರು ಪೆನ್ನಿನ ಮುಚ್ಚಳ ಹಾಕಿದರು.

"ಶಾಮಿಯಾನದ ನೆರಳಿನ ಕಡೆ ನಿಂತ್ಕೋ ಅಂತ ಹೇಳು," ಎಂದರು.